ಯಂತ್ರದ ಗುಮಾಸ್ತನೂ ಹಣದ ಬರಹವೂ

ಹಣವನ್ನು ಬರೆಯುವುದು ಸುಲಭ. ಬರೆದ ಹಣವನ್ನು ಓದುವುದು ಕಷ್ಟ. ಈ ಮಾತನ್ನು ಕೇಳಿದೊಡನೆ ಕೆಲವರಿಗೆ ನಗು ಬರಬಹುದು. ಮೂರನೆಯ ತರಗತಿಯ ಹುಡುಗನೂ ಅಂಗಡಿಯ ಚೀಟಿಯನ್ನು ಓದಿಬಿಡುತ್ತಾನಲ್ಲ, ಇದರಲ್ಲಿ ಕಷ್ಟವೇನು ಬಂತು ಎಂದು ಅವರು ಕೇಳಬಹುದು. ನಿಜ, ಹುಡುಗನಿಗೆ ಕಷ್ಟವಿಲ್ಲ. ತಾನಿರುವ ಊರು ಯಾವುದು, ಚೀಟಿ ಬರೆದವರು ಯಾರು, ಕೊಂಡದ್ದು ಬೆಲ್ಲವೋ ಬಂಗಾರವೋ ಎಂಬುದೆಲ್ಲ ಅವನಿಗೆ ಗೊತ್ತು. ಯಂತ್ರಕ್ಕೆ ಇದಾವುದೂ ಗೊತ್ತಿಲ್ಲ. ಅದರ ಮುಂದೆ ಇರುವುದು ಕೆಲವು ಅಂಕೆಗಳು, ಒಂದೆರಡು ಚುಕ್ಕೆಗಳು, ಒಂದೆರಡು ಅಲ್ಪವಿರಾಮಗಳು, ಎಲ್ಲೋ ಒಂದು ಚಿಹ್ನೆ. ಅಷ್ಟರಿಂದಲೇ ಅದು ಮೊತ್ತವನ್ನು ತಿಳಿಯಬೇಕು.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೆ ಎಂದು ಗುರುಗಳು ಶಂಕಿಸಬಾರದೆಂದು ಬೇಡುತ್ತೇನೆ. ಇಂದು ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ, ಹಾಲಿನ ಡೇರಿಯ ಬಟವಾಡೆ, ಪರದೇಶದಲ್ಲಿ ದುಡಿಯುವ ಮಗ ಮನೆಗೆ ಕಳುಹಿಸುವ ಹಣ, ಇವೆಲ್ಲ ಯಂತ್ರದ ಕಣ್ಣೆದುರು ಹಾದುಹೋಗದೆ ನಮ್ಮ ಕೈ ಸೇರುವುದಿಲ್ಲ. ಓದುವವನು ತಪ್ಪಿದರೆ ಕಳೆದುಕೊಳ್ಳುವವರು ನಾವು. ಅಷ್ಟೇ ಅಲ್ಲ, ಒಂದು ಬರಹವನ್ನು ಯಾರು, ಎಲ್ಲಿ, ಯಾವ ಸಂಪ್ರದಾಯದಲ್ಲಿ ಬರೆದರು ಎಂದು ವಿಚಾರಿಸಿ ಅರ್ಥಮಾಡುವುದು ಕಲಾ ವಿದ್ಯಾರ್ಥಿಗಳ ಕಸುಬೇ ಆಗಿದೆ. ಆದುದರಿಂದ ಈ ವಿಷಯದಲ್ಲಿ ನಮಗೂ ಒಂದು ಮಾತಾಡುವ ಹಕ್ಕುಂಟು ಎಂದು ನನ್ನ ಭಾವನೆ.

ಮೊದಲು ಪದಗಳ ಅರ್ಥವನ್ನು ನೋಡೋಣ. ಪ್ರೋಗ್ರಾಮಿಂಗ್ ಭಾಷೆಯೊಂದನ್ನು ರಚಿಸುವವರು ಬರಿಯ ವ್ಯಾಕರಣವನ್ನು ಕೊಟ್ಟು ಸುಮ್ಮನಾಗುವುದಿಲ್ಲ. ದಿನನಿತ್ಯ ಬೇಕಾಗುವ ಸಲಕರಣೆಗಳ ಒಂದು ಭಂಡಾರವನ್ನೂ ಜೊತೆಗೆ ಕೊಡುತ್ತಾರೆ. ಇದಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ಈ ಭಂಡಾರದಲ್ಲಿ ಇಲ್ಲದ ಸಲಕರಣೆಯನ್ನು ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳಬೇಕು, ಇಲ್ಲವೆ ಬೇರೆಯವರಿಂದ ತರಬೇಕು. ಇನ್ನು, ಅಕ್ಷರರೂಪದಲ್ಲಿರುವುದನ್ನು ಓದಿ ಅದರಲ್ಲಿರುವ ಬೆಲೆಯನ್ನು ಹೊರತೆಗೆಯುವ ಕೆಲಸಕ್ಕೆ ಪಾರ್ಸಿಂಗ್ ಎನ್ನುತ್ತಾರೆ. ನಾನು ಇಲ್ಲಿ ಅದನ್ನು ‘ಓದುವುದು’ ಎಂದೇ ಕರೆಯುತ್ತೇನೆ.

ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಮಧ್ಯಾಹ್ನ ನಾಲ್ಕು ಭಾಷೆಗಳಿಗೆ ಒಂದೇ ಪರೀಕ್ಷೆಯನ್ನು ಒಡ್ಡಿದೆ. ಪ್ರಶ್ನೆ ಒಂದೇ: 1,23,456 ಎಂಬ ಬರಹದ ಬೆಲೆ ಎಷ್ಟು? ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್ ಎಂಬ ಸಲಕರಣೆ ‘ಒಂದು’ ಎಂದಿತು. ಸಿ ಭಾಷೆಯ ಎ-ಟು-ಎಫ್ ಎಂಬುದೂ ‘ಒಂದು’ ಎಂದಿತು. ಎರಡೂ ಮೊದಲನೆಯ ಅಲ್ಪವಿರಾಮವನ್ನು ಕಂಡೊಡನೆ ನಿಂತು, ಅಲ್ಲಿಯವರೆಗೆ ಓದಿದ್ದನ್ನೇ ಉತ್ತರವೆಂದು ಒಪ್ಪಿಸಿದುವು. ಉಳಿದದ್ದನ್ನು ಓದಲಿಲ್ಲವೆಂದು ಬಾಯಿಬಿಡಲಿಲ್ಲ. ಪೈಥಾನಿನ ಫ್ಲೋಟ್, ಇದು ನನಗೆ ತಿಳಿಯದು ಎಂದು ಸ್ಪಷ್ಟವಾಗಿ ನಿರಾಕರಿಸಿತು. ಜಾವಾದ ನಂಬರ್‌ಫಾರ್ಮ್ಯಾಟ್ ಇಂಗ್ಲಿಷ್ ಪದ್ಧತಿಯಲ್ಲಿ ಒಂದು ಲಕ್ಷದ ಇಪ್ಪತ್ತಮೂರು ಸಾವಿರದ ನಾನೂರ ಐವತ್ತಾರು ಎಂದು ಸರಿಯಾಗಿ ಹೇಳಿತು. ಸಂತೋಷವಾಯಿತು. ಆದರೆ ಪರೀಕ್ಷಿಸೋಣವೆಂದು 12,3,45,6 ಎಂದು ಅಡ್ಡಾದಿಡ್ಡಿಯಾಗಿ ಬರೆದುಕೊಟ್ಟರೆ, ಅದಕ್ಕೂ ಅದೇ ಉತ್ತರ ಬಂತು. ಜಾಣ ವಿದ್ಯಾರ್ಥಿಯೆಂದು ತಿಳಿದವನು ಪ್ರಶ್ನೆಯನ್ನೇ ನೋಡದೆ ಉತ್ತರ ಬರೆದಂತಾಯಿತು.

ಕುತೂಹಲದಿಂದ ಕನ್ನಡ ಅಂಕೆಗಳಲ್ಲಿ ೧೨೩ ಎಂದು ಬರೆದೂ ನೋಡಿದೆ. ಪೈಥಾನ್ ಅದನ್ನು ನೂರ ಇಪ್ಪತ್ತಮೂರು ಎಂದು ಓದಿತು; ಕನ್ನಡಿಗನಾದ ನನಗೆ ಅದೊಂದು ಹೆಮ್ಮೆಯ ಗಳಿಗೆ. ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯೇ ಅಲ್ಲ ಎಂದಿತು. ಸಿ ಭಾಷೆ ಮಾತ್ರ ‘ಸೊನ್ನೆ’ ಎಂದಿತು. ತಿಳಿಯಲಿಲ್ಲ ಎನ್ನುವುದಕ್ಕೂ ಸೊನ್ನೆ ಎನ್ನುವುದಕ್ಕೂ ಎಷ್ಟು ಅಂತರವುಂಟೆಂಬುದನ್ನು ಸಾಲಕೊಟ್ಟವರು ಬಲ್ಲರು.

ಇದು ಪ್ರಯೋಗಶಾಲೆಯ ವಿನೋದವಷ್ಟೇ ಎಂದು ಯಾರೂ ತಿಳಿಯಬಾರದು. ಒಂದು ಸಹಾಯಧನದ ಅರ್ಜಿಯಲ್ಲಿ ನಮ್ಮ ತಂದೆಯವರ ವಾರ್ಷಿಕ ಆದಾಯವನ್ನು 48,000 ಎಂದು ತುಂಬಿಸಿದಾಗ, ಮುಂದಿನ ಪುಟದಲ್ಲಿ ಅದು 48 ರೂಪಾಯಿ ಎಂದು ಕಾಣಿಸಿಕೊಂಡಿತು. ಅರ್ಜಿಯ ಚೌಕ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಹಿಂದಿರುಗಿ ತಿದ್ದಲು ದಾರಿಯೂ ಇರಲಿಲ್ಲ. ವರ್ಷಕ್ಕೆ 48 ರೂಪಾಯಿ ಸಂಪಾದಿಸುವ ಮನುಷ್ಯ ಸಂಸಾರವನ್ನು ಹೇಗೆ ಸಾಗಿಸುತ್ತಾನೆ ಎಂದು ಯಂತ್ರ ಕೇಳಲಿಲ್ಲ. ಆದರೆ ತಿದ್ದುಪಡಿಗಾಗಿ ತಂದೆಯವರು ಮೂರು ದಿನದ ಕೂಲಿಯನ್ನು ಬಿಟ್ಟು ಅಲೆದದ್ದು ಮಾತ್ರ ನಿಜ. ಆ ಅರ್ಜಿಯ ಹಿಂದೆ ಯಾವ ಭಾಷೆ ಇತ್ತೋ ನಾನರಿಯೆ. ಅಲ್ಪವಿರಾಮದ ಬಳಿ ಮೌನವಾಗಿ ನಿಂತುಬಿಡುವ ಓದಿನ ಫಲ ಹೇಗಿರುತ್ತದೆಂಬುದನ್ನಂತೂ ಕಂಡೆ.

ಹೀಗೇಕಾಗುತ್ತದೆ? ಲೋಕವೆಲ್ಲ ಹಣವನ್ನು ಒಂದೇ ರೀತಿಯಲ್ಲಿ ಬರೆಯುವುದಿಲ್ಲ. ಜರ್ಮನಿಯಲ್ಲಿ 1.234,50 ಎಂದರೆ ಸಾವಿರದ ಇನ್ನೂರ ಮೂವತ್ತನಾಲ್ಕೂವರೆ. ಇಂಗ್ಲೆಂಡಿನಲ್ಲಿ ಅದೇ ಮೊತ್ತವನ್ನು 1,234.50 ಎಂದು ಬರೆಯುತ್ತಾರೆ. ಸ್ವಿಟ್ಜರ್ಲೆಂಡಿನವರು ಸಾವಿರದ ಬಳಿ ಮೇಲ್ಗಡೆ ಒಂದು ಕೊಕ್ಕೆಯನ್ನಿಟ್ಟು 1’234.50 ಎನ್ನುತ್ತಾರೆ. ಫ್ರಾನ್ಸಿನವರು ತೆರಪು ಬಿಟ್ಟು, ಚಿಹ್ನೆಯನ್ನು ಕೊನೆಯಲ್ಲಿಟ್ಟು 1 234,50 € ಎನ್ನುತ್ತಾರೆ. ನಾವು ಮೊದಲು ಮೂರು ಅಂಕೆ, ಆಮೇಲೆ ಎರಡೆರಡು ಅಂಕೆಗಳಂತೆ ಗುಂಪುಮಾಡಿ 12,34,567 ಎಂದು ಲಕ್ಷಗಳಲ್ಲಿ ಎಣಿಸುತ್ತೇವೆ. ಪೋರ್ಚುಗಲ್ಲಿನವರಂತೂ 2002ರಲ್ಲಿ ಯೂರೋ ನಾಣ್ಯಗಳು ಬರುವವರೆಗೆ ತಮ್ಮ ಎಸ್ಕುಡೊ ಹಣದಲ್ಲಿ ಚಿಹ್ನೆಯನ್ನೇ ದಶಮಾಂಶದ ಚುಕ್ಕೆಯ ಜಾಗದಲ್ಲಿ ಕೂರಿಸಿ 20$00 ಎಂದು ಬರೆಯುತ್ತಿದ್ದರು. ಇವರಲ್ಲಿ ಯಾರ ಬರಹವೂ ತಪ್ಪಲ್ಲ. ಆದರೆ ಒಬ್ಬರ ಬರಹವನ್ನು ಇನ್ನೊಬ್ಬರ ಕಣ್ಣಿನಿಂದ ಓದಿದರೆ ಅನರ್ಥ ತಪ್ಪದು. ಜಾವಾಕ್ಕೆ ಜರ್ಮನ್ ಪದ್ಧತಿಯಲ್ಲಿ ಓದೆಂದು ಹೇಳಿ, ಇಂಗ್ಲಿಷರ 1,234.50 ಅನ್ನು ಕೊಟ್ಟರೆ, ಅದು ಒಂದು ಚಿಲ್ಲರೆ, ಅಂದರೆ 1.234 ಎಂದು ಓದಿ, ಉಳಿದದ್ದನ್ನು ಬಿಟ್ಟು, ತೃಪ್ತಿಯಿಂದ ಮುಂದೆ ಹೋಗುತ್ತದೆ. ಸಾವಿರ ಒಂದಕ್ಕಿಳಿಯಿತು, ಯಾರಿಗೂ ಸುದ್ದಿಯಿಲ್ಲ.

ಚಿಹ್ನೆಗಳ ಕಥೆಯೂ ಹೀಗೆಯೇ. $ ಎಂಬುದು ಅಮೆರಿಕ, ಕೆನಡ, ಆಸ್ಟ್ರೇಲಿಯ, ಸಿಂಗಪುರ, ಹಾಂಗ್‌ಕಾಂಗ್ ಮೊದಲಾದ ಕಡೆಗಳಲ್ಲೆಲ್ಲ ಸಲ್ಲುತ್ತದೆ. ಬೆಲೆ ಮಾತ್ರ ಬೇರೆ ಬೇರೆ. ¥ ಎಂಬುದು ಜಪಾನಿನ ಯೆನ್ ಹೌದು, ಚೀನದ ಯುವಾನ್ ಕೂಡ ಹೌದು. ಈ ಗೊಂದಲವನ್ನು ಪರಿಹರಿಸಲೆಂದೇ ಪ್ರತಿಯೊಂದು ದೇಶದ ಹಣಕ್ಕೂ ಮೂರಕ್ಷರದ ಒಂದೊಂದು ಸಂಕೇತವನ್ನು ಗೊತ್ತುಮಾಡಿರುವ ಐಎಸ್‌ಒ 4217 ಎಂಬ ಅಂತರರಾಷ್ಟ್ರೀಯ ಪಟ್ಟಿಯುಂಟು. ನಮ್ಮ ರೂಪಾಯಿಗೆ ಐಎನ್‌ಆರ್, ಅಮೆರಿಕದ ಡಾಲರಿಗೆ ಯುಎಸ್‌ಡಿ. ಒಂದು ಹಣಕ್ಕೆ ಎಷ್ಟು ದಶಮಾಂಶ ಸ್ಥಾನಗಳು ಎಂಬುದನ್ನೂ ಆ ಪಟ್ಟಿ ಹೇಳುತ್ತದೆ. ರೂಪಾಯಿಗೆ ಎರಡು, ಯೆನ್ನಿಗೆ ಒಂದೂ ಇಲ್ಲ, ಕುವೈತ್ ಮತ್ತು ಬಹರೇನ್ ದಿನಾರುಗಳಿಗೆ ಮೂರು. ಕುವೈತಿನ ಒಂದು ದಿನಾರಿಗೆ ಸಾವಿರ ಫಿಲ್ಸ್.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕೊಲ್ಲಿ ದೇಶಗಳ ದುಡಿಮೆಯಿಂದ. ಆದುದರಿಂದ ಈ ಮೂರು ಸ್ಥಾನಗಳ ಮಾತು ನಮಗೆ ದೂರದ್ದಲ್ಲ. ‘ಚುಕ್ಕೆಯ ಮುಂದೆ ಸರಿಯಾಗಿ ಮೂರು ಅಂಕೆಗಳಿದ್ದರೆ ಅದು ಸಾವಿರದ ಗುರುತು, ಎರಡಿದ್ದರೆ ದಶಮಾಂಶ’ ಎಂಬ ಒಂದು ಜಾಣ ಸೂತ್ರವನ್ನು ಕೆಲವರು ತಮ್ಮ ಪ್ರೋಗ್ರಾಮುಗಳಲ್ಲಿ ಬಳಸುತ್ತಾರೆ. ಜರ್ಮನಿಯ 1.250ಕ್ಕೆ ಆ ಸೂತ್ರ ಸರಿಯೇ. ಆದರೆ ಕುವೈತಿನಿಂದ 125.500 ದಿನಾರ್ ಕಳುಹಿಸಿದವನ ರಸೀದಿಯನ್ನು ಅದೇ ಸೂತ್ರದಿಂದ ಓದಿದರೆ ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರು ದಿನಾರ್ ಎಂದಾಗುತ್ತದೆ! ಜಾಣತನವೇ ಇಲ್ಲಿ ಕೆಡಿಸುವ ಸಂಗತಿ.

ಪರದೇಶದ ಮಾತೇಕೆ, ನಮ್ಮ ಬರಹವನ್ನೇ ನೋಡಿರಿ. ₹ ಎಂಬ ಚಿಹ್ನೆಯನ್ನು ಭಾರತ ಸರ್ಕಾರ ಅಂಗೀಕರಿಸಿದ್ದು 2010ರಲ್ಲಿ. ಅದಕ್ಕೆ ಮೊದಲು ನಾವೆಲ್ಲ ಬರೆಯುತ್ತಿದ್ದುದು, ಈಗಲೂ ಬಹುಮಂದಿ ಬರೆಯುವುದು, ‘ರೂ.500’ ಎಂದು. ಅಂಕೆಗಳನ್ನೂ ಚುಕ್ಕೆಯನ್ನೂ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿ ಓದು ಎಂದು ಹೇಳಿಕೊಟ್ಟ ಯಂತ್ರಕ್ಕೆ ಇದನ್ನು ಕೊಟ್ಟರೆ ಏನಾಗುತ್ತದೆ? ‘ರೂ’ ಹೋಯಿತು, ಅದರ ಬಾಲವಾಗಿದ್ದ ಚುಕ್ಕೆ ಉಳಿಯಿತು. ‘.500’ ಎಂದರೆ ಅರ್ಧ ರೂಪಾಯಿ! ಇನ್ನು ‘500/-’ ಎಂದು ಬರೆಯುವ ವಾಡಿಕೆ. ಅಂಕೆಯ ಮುಂದೆ ಯಾರೂ ಇನ್ನೊಂದು ಅಂಕೆಯನ್ನು ಸೇರಿಸದಿರಲೆಂದು ನಾವು ಇಡುವ ಆ ಸಣ್ಣ ಗೆರೆಯನ್ನು, ಕೊನೆಯಲ್ಲಿ ಋಣಚಿಹ್ನೆ ಹಾಕುವ ಲೆಕ್ಕಪದ್ಧತಿಗೆ ಒಗ್ಗಿದ ಪ್ರೋಗ್ರಾಮು ‘ಐನೂರು ಬಾಕಿ’ ಎಂದು ಓದಬಲ್ಲದು. ಹಳೆಯ ಕಡತಗಳನ್ನು ಯಂತ್ರಕ್ಕೇರಿಸುವವರಿಗೆ ‘ರೂ. 5-8-0’ ಎಂಬ ಬರಹ ಎದುರಾಗುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬರುವುದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ. ಆದುದರಿಂದ ಅದು ಐದೂವರೆ ರೂಪಾಯಿ. ಅಜ್ಜನಿಗೆ ಗೊತ್ತಿದ್ದ ಈ ಸಂಗತಿ ಯಂತ್ರಕ್ಕೆ ತಾನಾಗಿ ಗೊತ್ತಾಗುವ ಬಗೆಯೇ ಇಲ್ಲ.

ಹೀಗಿರಲು ಭಾಷೆಗಳ ಭಂಡಾರಗಳು ಏನು ಮಾಡಿವೆ? ಬರೆಯುವುದನ್ನು ಬಹುಮಟ್ಟಿಗೆ ಕಲಿಸಿವೆ. ಓದುವುದನ್ನು ಅರ್ಧಕ್ಕೆ ಬಿಟ್ಟಿವೆ. 1989ರ ಸಿ ಪ್ರಮಾಣದಲ್ಲಿಯೇ ಪ್ರತಿಯೊಂದು ನಾಡಿನ ಹಣದ ಬರಹಕ್ಕೂ ಒಂದು ವಿವರಪಟ್ಟಿಯುಂಟು: ದಶಮಾಂಶದ ಗುರುತು ಯಾವುದು, ಗುಂಪುಗಳ ಅಳತೆ ಏನು, ಚಿಹ್ನೆ ಮುಂದೋ ಹಿಂದೋ ಎಂದು. ಗುಂಪುಗಳ ಅಳತೆಯನ್ನು ಒಂದು ಸಾಲಾಗಿ ಕೊಡಬಹುದಾದ್ದರಿಂದ ನಮ್ಮ ಲಕ್ಷ ಕೋಟಿಗಳಿಗೂ ಅದರಲ್ಲಿ ಸ್ಥಳವಿದೆ. ಆದರೆ ಪಟ್ಟಿಯನ್ನು ಕೊಟ್ಟ ಸಿ, ಅದರ ಪ್ರಕಾರ ಓದುವ ಸಲಕರಣೆಯನ್ನು ಕೊಡಲಿಲ್ಲ. ಅದರ ಸಂತತಿಯಾದ ಸಿ ಪ್ಲಸ್ ಪ್ಲಸ್ 1998ರಲ್ಲಿ ಮನಿ-ಗೆಟ್ ಎಂಬುದನ್ನು ಸೇರಿಸಿತು. ಅದು ಗುಂಪುಗಳು ಸರಿಯಾಗಿವೆಯೇ ಎಂದು ನೋಡುತ್ತದೆ, ತಪ್ಪಿದ್ದರೆ ವಿಫಲವಾಯಿತೆಂದು ತಿಳಿಸುತ್ತದೆ. ಇದು ಮೆಚ್ಚತಕ್ಕ ಗುಣ. ಆದರೆ ಉತ್ತರವನ್ನು ಅದು ಕೊಡುವುದು ಅತ್ಯಂತ ಸಣ್ಣ ನಾಣ್ಯದಲ್ಲಿ. ಅಮೆರಿಕದ ಪದ್ಧತಿಯಲ್ಲಿ $1,234.56 ಅನ್ನು ಓದಿಸಿದರೆ 123456 ಸೆಂಟುಗಳು ಎಂಬ ಅರ್ಥದಲ್ಲಿ ಬರಿಯ 123456 ಬರುತ್ತದೆ. ಅದು ಯಾವ ನಾಡಿನ ಸೆಂಟು ಎಂಬುದು ಉತ್ತರದ ಜೊತೆಗೆ ಬರುವುದಿಲ್ಲ.

1997ರಿಂದ ನಂಬರ್‌ಫಾರ್ಮ್ಯಾಟನ್ನು ಹೊಂದಿರುವ ಜಾವಾ ಓದುತ್ತದೆ ನಿಜ, ಆದರೆ ಮೇಲೆ ಹೇಳಿದಂತೆ ಸಡಿಲವಾಗಿ ಓದುತ್ತದೆ. ಗುಂಪಿಗೆ ಅದರಲ್ಲಿ ಒಂದೇ ಅಳತೆಯಾದ್ದರಿಂದ ಅದು ನಮ್ಮ ಒಂದು ಕೋಟಿಯನ್ನು ಭಾರತದ ಹೆಸರಿನಲ್ಲೂ 10,000,000 ಎಂದೇ ಬರೆಯುತ್ತದೆ. ಕಟ್ಟುನಿಟ್ಟಾಗಿ ಓದು ಎಂದು ಅದಕ್ಕೆ ಆಜ್ಞಾಪಿಸುವ ಅನುಕೂಲ ಬಂದದ್ದು 2024ರ ಜಾವಾ 23ರಲ್ಲಿ. ಅದೂ ಕೇಳಿದರೆ ಮಾತ್ರ. ಪೈಥಾನಿನ ಲೊಕೇಲ್ ಭಂಡಾರದಲ್ಲಿ ಹಣವನ್ನು ಬರೆಯುವ ಸಲಕರಣೆಯುಂಟು, ಹಣದ ಚಿಹ್ನೆಯೊಡನೆ ಓದುವ ಸಲಕರಣೆಯಿಲ್ಲ. ಜಾವಾಸ್ಕ್ರಿಪ್ಟಿಗೆ ಸೇರಿದ ಇಂಟಲ್ ಎಂಬ ಭಾಗ ₹1,23,456.00 ಎಂದು ಅಂದವಾಗಿ ಬರೆಯುತ್ತದೆ. ತಾನು ಬರೆದದ್ದನ್ನು ತಾನೇ ಓದಲಾರದು. ಸಹಿ ಮಾಡಲು ಬಂದು ಓದಲು ಬಾರದ ಮನುಷ್ಯನ ನೆನಪಾಗುತ್ತದೆ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ‘ಯಂತ್ರ ಆದಷ್ಟು ಉದಾರವಾಗಿ ಓದಬೇಕು, ಬರೆದವನ ಮನಸ್ಸನ್ನು ಊಹಿಸಿಕೊಳ್ಳಬೇಕು’ ಎಂಬುದು ಒಂದು ಪಕ್ಷ. ‘ಲೋಕದ ಬರಹಗಳೆಲ್ಲ ಸಂದಿಗ್ಧ, ಆದುದರಿಂದ ಭಂಡಾರ ಈ ಕೆಲಸಕ್ಕೆ ಕೈಹಾಕಲೇಬಾರದು’ ಎಂಬುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ.

ಮೊದಲನೆಯ ಪಕ್ಷದವರು ಔದಾರ್ಯವನ್ನು ಯಾರ ಖರ್ಚಿನಲ್ಲಿ ತೋರಿಸುತ್ತಿದ್ದಾರೆ ಎಂಬುದನ್ನು ಮರೆತಿದ್ದಾರೆ. ಊಹೆ ಹತ್ತು ಸಲ ಸರಿಹೋಗಿ ಹನ್ನೊಂದನೆಯ ಸಲ ತಪ್ಪಿದರೆ, ಆ ಹನ್ನೊಂದನೆಯ ಮೊತ್ತ ಪ್ರೋಗ್ರಾಮು ಬರೆದವನದಲ್ಲ. ಯಾರೋ ಕೂಲಿಯವನದು, ಯಾರೋ ವಿಧವೆಯದು, ಯಾರೋ ವಿದ್ಯಾರ್ಥಿಯದು. ಊರಿನ ಗುಮಾಸ್ತ ತಪ್ಪಿದರೆ ಎದುರಿಗೆ ನಿಂತು ಕೇಳಬಹುದು. ಯಂತ್ರ ತಪ್ಪಿದರೆ, ‘ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ’ ಎಂಬ ಒಂದೇ ಮಾತಿಗೆ ನಮ್ಮವರು ಬಾಯಿಮುಚ್ಚಿಕೊಂಡು ಬರುತ್ತಾರೆ.

ಎರಡನೆಯ ಪಕ್ಷದವರದು ಮೇಲುನೋಟಕ್ಕೆ ಪ್ರಾಮಾಣಿಕವಾದ ನಿಲುವು. ಆದರೆ ಭಂಡಾರ ಓದುವುದಿಲ್ಲವೆಂದ ಮಾತ್ರಕ್ಕೆ ಓದುವ ಅಗತ್ಯ ತಪ್ಪುವುದಿಲ್ಲ. ಅರ್ಜಿಗಳು ಬರುತ್ತಲೇ ಇರುತ್ತವೆ, ಪಟ್ಟಿಗಳು ಬೆಳೆಯುತ್ತಲೇ ಇರುತ್ತವೆ. ಸಲಕರಣೆ ಸಿಕ್ಕದ ಪ್ರೋಗ್ರಾಮರ್ ಏನು ಮಾಡುತ್ತಾನೆ? ಅಂಕೆ ಚುಕ್ಕೆಗಳನ್ನುಳಿದು ಮಿಕ್ಕದ್ದನ್ನು ಅಳಿಸುವ ಒಂದು ಸಾಲನ್ನು ತಾನೇ ಬರೆದುಕೊಳ್ಳುತ್ತಾನೆ. ರೂ.500 ಅರ್ಧ ರೂಪಾಯಿಯಾಗುವುದು ಅಲ್ಲಿಯೇ. ಬಾವಿಗೆ ಕಟ್ಟೆ ಕಟ್ಟುವುದು ಕಷ್ಟವೆಂದು ಕಟ್ಟದೆ ಬಿಟ್ಟರೆ, ನೀರು ಸೇದುವವರು ನಿಲ್ಲುವುದಿಲ್ಲ. ಬೀಳುವವರು ಹೆಚ್ಚುತ್ತಾರೆ ಅಷ್ಟೆ.

ಆದುದರಿಂದ ಭಂಡಾರ ಓದಬೇಕು, ಆದರೆ ಊಹಿಸಬಾರದು ಎಂಬುದೇ ನನ್ನ ಅಭಿಪ್ರಾಯ. ಇದಕ್ಕೆ ನಾಲ್ಕು ನಿಯಮಗಳು ಸಾಕು. ಒಂದನೆಯದು, ಯಾವ ನಾಡಿನ ಬರಹವೆಂದು ಹೇಳದೆ ಓದಲು ಒಪ್ಪಬಾರದು. ಯಂತ್ರ ಯಾವ ಊರಿನ ಮೇಜಿನ ಮೇಲಿದೆಯೋ ಆ ಊರಿನ ಪದ್ಧತಿಯೇ ಇರಬಹುದೆಂದು ಭಾವಿಸಿಕೊಳ್ಳಬಾರದು. ಎರಡನೆಯದು, ಉತ್ತರದಲ್ಲಿ ಮೊತ್ತದ ಜೊತೆಗೆ ಹಣದ ಮೂರಕ್ಷರದ ಸಂಕೇತವೂ ಇರಬೇಕು. ಬರಿಯ ಸಂಖ್ಯೆ ಹಣವಲ್ಲ. ಮೂರನೆಯದು, ಕೊನೆಯ ಅಕ್ಷರದವರೆಗೆ ಓದಬೇಕು, ಇಲ್ಲವೆ ಎಲ್ಲಿ ಎಡವಿದೆನೆಂದು ತೋರಿಸಿ ನಿರಾಕರಿಸಬೇಕು. ನಾಲ್ಕನೆಯದು, ಓದಿದ್ದನ್ನು ದಶಮಾಂಶದಲ್ಲಿಯೇ ಇಟ್ಟುಕೊಳ್ಳಬೇಕು. ಸಾಮಾನ್ಯವಾದ ದ್ವಿಮಾನ ಭಿನ್ನರಾಶಿಯಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆಂಬುದನ್ನು ಈ ಯಂತ್ರಗಳ ಮುಂದೆ ಕುಳಿತ ಯಾವ ವಿದ್ಯಾರ್ಥಿಯೂ ನೋಡಬಹುದು. ಪೈಥಾನಿಗೆ 2004ರಲ್ಲಿಯೇ ನಿಖರವಾದ ದಶಮಾಂಶ ಬಂದಿರುವಾಗ, ಹಣಕ್ಕೆ ಅದನ್ನು ಬಳಸದಿರುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಇದಕ್ಕೆ ನನ್ನ ಸಹಪಾಠಿಯೊಬ್ಬರು ಒಂದು ಆಕ್ಷೇಪವನ್ನೆತ್ತಿದರು. ‘ಇಷ್ಟು ಕಟ್ಟುನಿಟ್ಟಾದರೆ ಕಷ್ಟಪಡುವವರು ಮತ್ತೆ ಬಡವರೇ. ಅಲ್ಪವಿರಾಮ ಒಂದು ಕಡೆ ತಪ್ಪಿತೆಂದು ಹಳ್ಳಿಯವರನ್ನು ಹಿಂದಕ್ಕೆ ಕಳುಹಿಸುವ ಯಂತ್ರಕ್ಕೂ ಅರ್ಜಿಯನ್ನು ಎಸೆಯುವ ದರ್ಪದ ಅಧಿಕಾರಿಗೂ ಏನು ವ್ಯತ್ಯಾಸ?’ ಎಂದರು. ಮಾತು ತೂಕದ್ದು, ತಳ್ಳಿಹಾಕತಕ್ಕದ್ದಲ್ಲ. ನನ್ನ ಉತ್ತರ ಇಷ್ಟೆ: ನಿರಾಕರಿಸುವುದು ಬೇರೆ, ಓಡಿಸುವುದು ಬೇರೆ. ಒಳ್ಳೆಯ ಗುಮಾಸ್ತ ಅಕ್ಷರ ತಿಳಿಯದಿದ್ದರೆ, ‘ಅಮ್ಮ, ಇದು ನಲವತ್ತೆಂಟೋ, ನಲವತ್ತೆಂಟು ಸಾವಿರವೋ?’ ಎಂದು ಕೇಳುತ್ತಾನೆ. ಯಂತ್ರವೂ ಹಾಗೆ ಕೇಳಲಿ. ತಾನು ಓದಿದ್ದನ್ನು ‘ನಲವತ್ತೆಂಟು ಸಾವಿರ ರೂಪಾಯಿ’ ಎಂದು ಕನ್ನಡದ ಮಾತುಗಳಲ್ಲಿ ತೋರಿಸಿ ಒಪ್ಪಿಗೆ ಪಡೆಯಲಿ. ಆದರೆ ಹೀಗೆ ಕೇಳಬೇಕಾದರೆ, ತನಗೆ ತಿಳಿಯಲಿಲ್ಲವೆಂಬುದು ಮೊದಲು ಅದಕ್ಕೆ ತಿಳಿದಿರಬೇಕು. ಮೌನವಾಗಿ ಊಹಿಸುವ ಭಂಡಾರ ಆ ಅವಕಾಶವನ್ನೇ ಕಸಿದುಕೊಳ್ಳುತ್ತದೆ.

ಇದೇನೂ ಹೊಸ ವಿವೇಕವಲ್ಲ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತೇವೆ. ಎರಡೂ ಹೊಂದದಿದ್ದರೆ ಅಕ್ಷರದಲ್ಲಿರುವ ಮೊತ್ತವೇ ಮೊತ್ತವೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಕಲಮು ವಿಧಿಸಿದೆ. ಅಂಕೆ ಮೋಸಹೋಗುತ್ತದೆಂಬುದನ್ನು ಆ ಕಾಲದವರೇ ಅರಿತು, ಸಂದೇಹ ಬಂದಾಗ ಏನು ಮಾಡಬೇಕೆಂಬುದನ್ನು ಮುಂಚಿತವಾಗಿ ಬರೆದಿಟ್ಟರು. ಗುಮಾಸ್ತನ ಊಹೆಗೆ ಬಿಡಲಿಲ್ಲ. ನೂರ ನಲವತ್ತು ವರ್ಷಗಳಾಚೆಯ ಈ ಎಚ್ಚರಿಕೆ ಇಂದಿನ ಭಾಷೆಗಳ ಭಂಡಾರಗಳಿಗೆ ಭಾರವಾಗಬಾರದು.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಕೆಲವರು ನಾಳೆ ಕಚೇರಿಗಳಲ್ಲಿ ಇಂಥ ಅರ್ಜಿಗಳನ್ನು ತುಂಬಿಸುವವರಾಗುತ್ತಾರೆ, ಕೆಲವರು ಪರಿಶೀಲಿಸುವವರಾಗುತ್ತಾರೆ, ಬಹುಶಃ ಒಬ್ಬಿಬ್ಬರು ಅವುಗಳ ಹಿಂದಿನ ಪ್ರೋಗ್ರಾಮನ್ನೇ ಬರೆಯುತ್ತಾರೆ. ತುಂಬಿಸುವವರು ಒಪ್ಪಿಸುವ ಮುನ್ನ ಯಂತ್ರ ಏನೆಂದು ಓದಿತು ಎಂಬುದನ್ನು ಒಮ್ಮೆ ನೋಡಿರಿ. ಪರಿಶೀಲಿಸುವವರು, ವರ್ಷಕ್ಕೆ 48 ರೂಪಾಯಿ ಆದಾಯವೆಂದು ಕಂಡರೆ, ಆ ಮನುಷ್ಯನನ್ನು ಸಂದೇಹಿಸುವ ಮುನ್ನ ಯಂತ್ರವನ್ನು ಸಂದೇಹಿಸಿರಿ. ಬರೆಯುವವರು ತಮ್ಮ ಭಾಷೆಯ ಭಂಡಾರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿಕೊಂಡು, ಆಮೇಲೆ ಅನ್ಯರ ಹಣಕ್ಕೆ ಕೈಹಚ್ಚಲಿ. ಇಷ್ಟನ್ನು ಹೇಳಿ ನನ್ನ ಲೇಖನಿಗೆ ವಿರಾಮ ಕೊಡುತ್ತೇನೆ.